ಬೀಗ ಹಾಕಿದ ಮನೆಯ ನಕಾಶೆ

"ತಂಗೀ, ನಮ್ಮ ಮನಿ ನಿನ್ನ ಹಂತ್ಯಾಕ ಐತಂತಲ್ಲ, ಸ್ವಲ್ಪ ತಗದ ಕೊಡ್ತಿ ಏನವಾ?"

ಜಮಖಂಡಿಯ ಕೋರ್ಟಿನ ಎದುರು ಝೆರಾಕ್ಸ್ ಅಂಗಡಿ ಇಟ್ಟವರ ಹತ್ತಿರ ಎಂಥೆಂಥ ಗಿರಾಕಿ ಬರುತ್ತಾರೆ ಅಂತ ವರದಾಳನ್ನು ಕೇಳಬೇಕು. ವಕೀಲರ ಕಾಗದದ ಮೇಲೆ ಚಹಾ ಚೆಲ್ಲಿಕೊಂಡು ಬಂದವರನ್ನು ಕಂಡಿದ್ದಳು. ಮದುವೆ ಫೋಟೋದಿಂದ ಸೊಸೆಯೊಬ್ಬಳನ್ನು ಅಳಿಸಿ ಕೊಡು ಎಂದ ಅತ್ತೆಯನ್ನೂ ಕಂಡಿದ್ದಳು. ಆದರೆ ಮನೆಯನ್ನೇ ತೆಗೆದು ಕೊಡು ಎಂದವನು ಈ ಹನ್ನೆರಡು ವರ್ಷದಲ್ಲಿ ಇವನೊಬ್ಬನೇ. ಹೆಗಲ ಮೇಲೆ ಕರಿ ಕಂಬಳಿ, ಕಾಲಲ್ಲಿ ಟೈರಿನ ಚಪ್ಪಲಿ. ಅವನ ಹಿಂದೆ, ಆ ಕಂಬಳಿಯ ಚುಂಗು ಹಿಡಿದು ಅವನ ಹೆಂಡತಿ. ಆಕೆಯ ಕಣ್ಣು ತೆರೆದೇ ಇದ್ದವು, ನೋಡುತ್ತಿದ್ದದ್ದು ಮಾತ್ರ ಗೋಡೆಯ ಕಡೆಗೆ.

ಅವನ ಹೆಸರು ಕಾಮಣ್ಣ, ಆಕೆ ಹಣಮವ್ವ. ಕುರಿ ಕಾಯುವ ಜನ, ಬೀಳಗಿ ಕಡೆಯವರು. ಅವರ ಕೆಂಚನಾಳ ಊರು ಡ್ಯಾಮಿನ ಹಿನ್ನೀರಿನಲ್ಲಿ ಮುಳುಗಿ ಹತ್ತು ವರ್ಷದ ಮೇಲಾಗಿತ್ತು.

ಕೆಂಚನಾಳ ಎಂಬ ಹೆಸರು ಕಿವಿಗೆ ಬಿದ್ದದ್ದೇ ವರದಾಳ ಕೈಯಲ್ಲಿದ್ದ ಸ್ಟೇಪ್ಲರ್ ನಿಂತಿತು. ಆ ಊರನ್ನು ಆಕೆ ಒಂದು ದಿನವೂ ಕಣ್ಣಿಂದ ಕಂಡವಳಲ್ಲ. ಆದರೆ ಅಲ್ಲಿನ ಒಂದೊಂದು ಮನೆಯೂ ಗೊತ್ತು. ತೊಂಬತ್ತೆಂಟರಲ್ಲಿ, ಇಪ್ಪತ್ತು ವರ್ಷದವಳಿದ್ದಾಗ, ಬೀಳಗಿಯ ಒಂದು ಖಾಸಗಿ ಏಜೆನ್ಸಿಯಲ್ಲಿ ಕೂತು ಮುಳುಗುವ ಊರುಗಳ ಮನೆಗಳನ್ನು ಕಂಪ್ಯೂಟರಿಗೆ ತುಂಬುವ ಕೆಲಸ ಮಾಡಿದ್ದಳು. ಸರ್ವೇದವರು ಟೇಪು ಹಿಡಿದು ಅಳೆದು ಫಾರ್ಮು ತರುತ್ತಿದ್ದರು. ಈಕೆ ಪಡಸಾಲೆ ಎಷ್ಟು ಫೂಟು, ಒಲೆ ಎಲ್ಲಿ, ಬಾವಿ ಎಲ್ಲಿ ಎಂದು ಒತ್ತಿದ ಹಾಗೆ ಪರದೆಯ ಮೇಲೆ ಮನೆ ಏಳುತ್ತಿತ್ತು. ಏಜೆನ್ಸಿ ಮುಚ್ಚುವಾಗ ಆ ಕಂಪ್ಯೂಟರನ್ನು ಈಕೆಯೇ ಕೊಂಡು ತಂದಿದ್ದಳು. ಊರು ಮುಳುಗಿದ ಮೇಲೂ ಎಷ್ಟೋ ದಿನ ಆಕೆಗೆ ಅದೇ ಕನಸು: ಕೆಂಚನಾಳದ ಓಣಿಯಲ್ಲಿ ಬರಿಗಾಲಲ್ಲಿ ನಡೆಯುತ್ತಾಳೆ, ಯಾವ ಮನೆಯ ಕದ ದೂಡಿದರೂ ಒಳಗೆ ಎಲ್ಲಿ ಏನಿದೆ ಅಂತ ಗೊತ್ತು. ಜನ ಮಾತ್ರ ಯಾರೂ ಇರುವುದಿಲ್ಲ, ತಲೆಯ ಮೇಲೆ ಹಸಿರು ನೀರು ತಣ್ಣಗೆ ಅಲುಗಾಡುತ್ತಿರುತ್ತದೆ.

"ಗೂಳಪ್ಪ ಸರ್ವೇರ್ ಅವರು ಹೇಳಿದರು," ಎಂದ ಕಾಮಣ್ಣ. "ಆ ಹುಡುಗಿ ಎಲ್ಲಾ ಮನಿ ತನ್ನ ಹಳೇ ಡಬ್ಬ್ಯಾಗ ಇಟ್ಕೊಂಡಾಳ, ಜಮಖಂಡ್ಯಾಗ ಅದಾಳ, ಹೋಗ್ರಿ ಅಂದರು."

"ಅದೇನೋ ಖರೆ ಅದ ಅಜ್ಜಾರ. ಆದರ ಈಗ ಯಾಕ ಬೇಕ್ರೀ ಅದು? ಪರಿಹಾರ ಎಲ್ಲಾ ಮುಗದದ."

ಕಾಮಣ್ಣ ಹೆಂಡತಿಯ ಕಡೆ ನೋಡಿದ. ಆಕೆಯೇ ಹೇಳಿದಳು.

"ನನ್ನ ಕಣ್ಣ ಹೋದವು ನನ್ನವ್ವಾ. ನರ ಒಣಗ್ಯಾವಂತ, ಮಿರಜ ದವಾಖಾನ್ಯಾಗೂ ತೋರ್ಸಿದ್ವಿ. ಹೋಗ್ಲಿ ಬಿಡು. ಆದರ ನನ್ನ ಕಾಲು ಇನ್ನೂ ಹಳೇ ಮನ್ಯಾಗ ಅದಾವು. ಪುನರ್ವಸತಿ ಮನ್ಯಾಗ ಒಲಿ ಅಂತ ಹೋದರ ಬಚ್ಚಲಾ, ಬಾಗಲಾ ಅಂತ ಹೋದರ ಗ್ವಾಡಿ. ನೋಡಿಲ್ಲಿ." ಸೆರಗು ಸರಿಸಿ ಮೊಣಕೈ ತೋರಿಸಿದಳು. ಹಣೆ ಮೇಲಿನ ಬಾವು ತೋರಿಸುವುದೇ ಬೇಕಿರಲಿಲ್ಲ.

ಉಳಿದದ್ದನ್ನು ಕಾಮಣ್ಣ ಹೇಳಿದ. ದೀಪಾವಳಿ ಮುಗಿಸಿ ಅವನು ಕುರಿ ಹೊಡೆದುಕೊಂಡು ಹೋದರೆ ತಿರುಗಿ ಮನೆ ಕಾಣುವುದು ಮುಂಗಾರಿಗೆ. ಎಂಟು ತಿಂಗಳು ಹಣಮವ್ವ ಒಬ್ಬಳೇ. ಹೋದ ವರ್ಷ ಒಲೆಯ ಮೇಲೆ ಬಿದ್ದು ಕೈ ಸುಟ್ಟುಕೊಂಡಳು. ಈ ವರ್ಷ ಆಕೆ ಒಬ್ಬಳೇ ಓಡಾಡುವ ಹಾಗೆ ಆಗದಿದ್ದರೆ ಹಿಂಡು ಮಾರಿ ಮನೆ ಹಿಡಿಯುವುದೇ ಸೈ. ಅದಕ್ಕೇ ಬದಿಯ ಖಾಲಿ ಜಾಗದಲ್ಲಿ ಹಳೇ ಮನೆಯನ್ನೇ ಮತ್ತೆ ಕಟ್ಟಬೇಕು ಅಂತ ಇಬ್ಬರೂ ಕೂಡಿ ಠರಾವು ಮಾಡಿದ್ದರು. ಅದೇ ಅಳತೆ, ಅದೇ ಬಾಗಿಲು, ಅದೇ ಒಲೆ.

"ನಿಮಗ ನೆನಪಿಲ್ಲೇನ್ರೀ, ನಿಮ್ಮ ಮನೀನೇ ಅಲ್ಲ?" ಎಂದಳು ವರದಾ.

"ನಾ ಮನ್ಯಾಗ ಇದ್ದದ್ದು ಎಷ್ಟ ಅಂತಿ? ಮಳಿಗಾಲದಾಗ ನಾಕ ತಿಂಗಳ. ಅದರಾಗೂ ಅರ್ಧ ದಿನ ಕಟ್ಟಿ ಮ್ಯಾಲ. ಇಕಿ ಕಾಲಿಗಿ ಗೊತ್ತೈತಿ ಖರೆ, ಬಯಲಾಗ ನಡಸಿದರ ಒಂದೊಂದ ಸಲಕ್ಕ ಒಂದೊಂದ ಮನಿ ಆಗತೈತಿ. ಸರಕಾರದವರು ಅಳದ ಬರದಾರಲ್ಲ, ಅದನ್ನ ಕೊಟ್ಟಬಿಡು. ಮನಿ ನಂಬರ ಇನ್ನೂರಾ ಹದಿನೇಳು."

ಅಯ್ಯೋ ದೇವರೆ! ನಾಲ್ಕುನೂರಾ ಹನ್ನೆರಡು ಮನೆಗಳಲ್ಲಿ ಇವನು ಅದನ್ನೇ ಕೇಳಬೇಕೆ?

ಆ ಫಾರ್ಮು ವರದಾಳಿಗೆ ಚೆನ್ನಾಗಿ ನೆನಪಿತ್ತು. ಮೇಲೆ ಕೆಂಪು ಶಾಯಿಯಲ್ಲಿ 'ಬೀಗ' ಎಂದು ಬರೆದಿತ್ತು. ಮಾಲೀಕ ಕುರಿ ಹೊಡೆದುಕೊಂಡು ಹೋಗಿದ್ದಾನೆ, ಆ ಸಲ ಹೆಂಡತಿಯೂ ಜೊತೆಗೆ ಹೋಗಿದ್ದಾಳೆ. ಗೂಳಪ್ಪ ಹೊರಗಿನ ಗೋಡೆಗಳನ್ನೂ ಎರಡು ಬಾಗಿಲುಗಳನ್ನೂ ಅಳೆದು, ಒಳಗಿನದನ್ನು ಖಾಲಿ ಬಿಟ್ಟಿದ್ದ. ಆ ಹಾಳು ಪ್ರೋಗ್ರಾಂ ಒಂದು ಮನೆಯ ಒಳಗು ಖಾಲಿ ಬಿಟ್ಟರೆ ಮುಂದಿನ ಮನೆಗೆ ಹೋಗಲು ಬಿಡುತ್ತಿರಲಿಲ್ಲ. ಸಂಜೆಯೊಳಗೆ ಇನ್ನೂರೈವತ್ತು ಮುಟ್ಟಬೇಕು. ಕೇಳಿದರೆ ಗೂಳಪ್ಪ ಎಲೆ ಅಡಿಕೆ ಜಗಿಯುತ್ತ, "ಹಾಕ ಬೇ ತಂಗಿ ಏನರ ಒಂದು. ನೀರಾಗ ಹೋಗೂ ಮನಿ, ಯಾರ ಬಂದ ನೋಡ್ತಾರ?" ಎಂದಿದ್ದ.

ವರದಾ ಹಾಕಿದ್ದಳು. ಏನರ ಒಂದಲ್ಲ, ತನ್ನ ತವರನ್ನೇ ಹಾಕಿದ್ದಳು. ಜಮಖಂಡಿಯ ಹಳೇ ಓಣಿಯ ಆ ಬಾಡಿಗೆ ಮನೆಯನ್ನು ಅದೇ ತಿಂಗಳು ಮಾಲೀಕರು ಬಿಡಿಸಿಕೊಂಡು ಕೆಡವಿಸಿದ್ದರು. ಹಾಗಾಗಿ ಕುರಿಗಾರನ ಮಣ್ಣಿನ ಮನೆಯೊಳಗೆ ಪೂರ್ವಕ್ಕೆ ದೇವರ ಮನೆ ಬಂತು, ಹಿಂದೆ ತುಳಸಿ ಕಟ್ಟೆ ಬಂತು, ಪಡಸಾಲೆಯಲ್ಲಿ ಅಪ್ಪ ಮಧ್ಯಾಹ್ನ ಮಲಗುತ್ತಿದ್ದ ತೂಗುಮಂಚವೂ ಬಂತು. ಇಪ್ಪತ್ತು ವರ್ಷದ ಹುಡುಗಿ, ಎಲ್ಲಾದರೂ ಒಂದು ಕಡೆ ತನ್ನ ಮನೆ ಇರಲಿ ಅಂದುಕೊಂಡಿದ್ದಳು. ನೀರಿನ ಕೆಳಗಾದರೂ ಸರಿ.

"ಆ ಹಳೇ ಕಂಪ್ಯೂಟರ್ ಸತ್ತು ಎರಡು ವರ್ಷ ಆತ್ರೀ," ಎಂದಳು. ಅಷ್ಟು ಹೇಳಿ ಕಳಿಸಿಬಿಡಬಹುದಿತ್ತು.

ಆದರೆ ಹಿಂದಿನ ಟೇಬಲ್ಲಿನಲ್ಲಿ ಗೋಪಾಲ ಕೂತಿದ್ದ. ಗೋಪಾಲ ಅಂದರೆ ಆಕೆಯ ಗಂಡ, ಕಂಪ್ಯೂಟರ್ ರಿಪೇರಿ ಅವನ ಕೆಲಸ. ಸತ್ತ ಯಂತ್ರ ಎಂದರೆ ಸಾಕು, ಅವನಿಗೆ ಹಸಿವೆ ನೀರಡಿಕೆ ಇರುತ್ತಿರಲಿಲ್ಲ. "ಸತ್ತದ್ದು ಬೋರ್ಡು, ಹಾರ್ಡ್ ಡಿಸ್ಕ್ ಜೀವಂತ ಅದ," ಎಂದ ಅಲ್ಲಿಂದಲೇ. "ಆ ಪ್ರೋಗ್ರಾಂ ವಿಂಡೋಸ್ ತೊಂಬತ್ತೆಂಟರ ಮ್ಯಾಲೆ ಅಷ್ಟೇ ನಡೀತದ. ಹೊಸಾ ಮಷೀನಿಗೆ ಅದನ್ನ ಹಾಕಿ ನೋಡೂಣು. ಅಜ್ಜಾರ, ಕೂಡ್ರಿ. ಚಹಾ ತರಸ್ತೀನಿ."

"ಅಹೋ, ಹೊಸಾದಕ್ಕ ಅದು ಕೂಡಂಗಿಲ್ಲ, ಬಿಡ್ರೀ," ಎಂದಳು ವರದಾ. ಗಂಡನಿಗೆ ಆ ದನಿಯಲ್ಲಿನ ಅಂಜಿಕೆ ಕೇಳಿಸಲೇ ಇಲ್ಲ. ಗಂಡಸರಿಗೆ ಬೇಕಾದಾಗ ಯಾವುದು ಕೇಳಿಸುತ್ತದೆ?

ಹೊಸ ಕಂಪ್ಯೂಟರು ಬಂದು ಎರಡು ತಿಂಗಳಾಗಿತ್ತು. ಅದರ ಹೊಟ್ಟೆ ಬಿಚ್ಚಿ, ಒಂದು ಖಾಲಿ ಹಳೇ ಡಿಸ್ಕನ್ನು ಅಗಲ ಪಟ್ಟಿಯ ವೈರಿನಿಂದ ಕಟ್ಟಿ, ಗೋಪಾಲ ಬಿಸ್ಕಿಟಿನ ಡಬ್ಬಿಯಿಂದ ಗೀರು ಬಿದ್ದ ಹಳೇ ವಿಂಡೋಸ್ ಸಿಡಿ ತೆಗೆದ. ಪರದೆ ನೀಲಿಯಾಯಿತು. ಮೂಲೆಯಿಂದ ಮೂಲೆಗೆ ನೀಲಿ. ಅದರ ಮೇಲೆ ಬಿಳಿ ಅಕ್ಷರಗಳು ಸಾವಕಾಶ ಬಂದು ಕೂತವು. ವರದಾಳಿಗೆ ಹಿನ್ನೀರಿನ ಮೇಲೆ ನಿಂತು ಕೆಳಗೆ ಬಗ್ಗಿ ನೋಡಿದಂತಾಯಿತು.

"ಏನಾಕತ್ತೈತಿ?" ಎಂದಳು ಹಣಮವ್ವ. ಸ್ಟೂಲಿನ ಮೇಲೆ ಕೂತು ಟೇಬಲ್ಲಿನ ಅಂಚನ್ನು ಬೆರಳಿನಿಂದ ಸವರುತ್ತಿದ್ದಳು.

"ನೀಲಿ ಬಣ್ಣ ಬಂದದ್ರೀ."

"ನೀರೇನ?"

"ಅಲ್ರೀ... ಹೌದು, ಹಂಗ ಅನಸ್ತದ."

ಯುಎಸ್‌ಬಿ ಮೌಸು ಅದಕ್ಕೆ ತಿಳಿಯಲಿಲ್ಲ. ಒಳಗೆ ಗುಂಡು ಉರುಳುವ ಹಳೇ ಮೌಸು ಹುಡುಕಿ ತಂದರು. ನಡುವೆ ಕರೆಂಟು ಹೋಯಿತು, ಮೊದಲಿನಿಂದ ಶುರು. ಕಾಮಣ್ಣ ಎರಡು ಸಲ ಚಹಾ ಕುಡಿದ. ಕೊನೆಗೆ ಮೋಡದ ಚಿತ್ರ ಬಂತು, ಆ ಹಳೇ ಬಿಳಿ ಮೋಡಗಳು, ನೀಲಿ ಆಕಾಶ. ಹದಿನಾಲ್ಕು ವರ್ಷದ ಹಿಂದೆ ದಿನಾ ಮುಂಜಾನೆ ಹತ್ತಕ್ಕೆ ನೋಡುತ್ತಿದ್ದ ಆಕಾಶ. ಬೀಳಗಿಯ ಆ ಕೋಣೆ, ಕಿಟಕಿಗೆ ಕಟ್ಟಿದ್ದ ಗೋಣಿತಟ್ಟು, ಶೇಂಗಾದ ವಾಸನೆ ಎಲ್ಲ ಮೂಗಿಗೇ ಬಂದಂತಾಗಿ ವರದಾ ಒಂದು ಗಳಿಗೆ ತಾನೆಲ್ಲಿದ್ದೇನೆ ಅಂತಲೇ ಮರೆತಳು.

ಮೋಡ ಹೋಗಿ ಕಪ್ಪು ಪರದೆಯ ಮೇಲೆ ಒಂದು ಸಾಲು ಬಂತು. ವಿಂಡೋಸ್ ಎಬ್ಬಿಸಲು ರ್‍ಯಾಮ್ ಸಾಲದು.

"ಸಾಲದಂತ!" ಗೋಪಾಲ ತೊಡೆ ತಟ್ಟಿಕೊಂಡು ನಕ್ಕ. "ಆ ಕಾಲದ ಮಷೀನಿಗಿಂತ ನೂರು ಪಟ್ಟು ಅದ ಇದರಾಗ. ಜಾಸ್ತಿ ಆಗೇದ ಅಂತ ಹೇಳ್ಲಿಕ್ಕೆ ಬರೂದಿಲ್ಲ ಅದಕ್ಕ. ಎಣಿಸಲಿಕ್ಕೆ ಆಗದೆ ಗಾಬರಿಬಿದ್ದದ, ಪಾಪ."

"ಸಾಲದು ಅಂದಮ್ಯಾಲ ಮುಗೀತಲ್ಲರೀ," ಎಂದಳು ವರದಾ, ಥಟ್ಟನೆ. "ಅಜ್ಜಾರ, ಆಗಂಗಿಲ್ರೀ. ಯಂತ್ರಾನೇ ಒಲ್ಲೆ ಅಂತದ."

ಹೇಳುವಾಗಲೇ ನಾಚಿಕೆಯಾಯಿತು. ಕಾಮಣ್ಣ ಕಂಬಳಿ ಮಡಿಸಿ ಹೆಗಲಿಗೆ ಹಾಕಿಕೊಂಡು, "ಆತು ಬಿಡವಾ. ಹಿಂಡು ಮಾರಿದರಾತು," ಎಂದ. ಹಣಮವ್ವ ಏಳಲು ಹೋಗಿ ಝೆರಾಕ್ಸ್ ಮಷೀನಿಗೆ ಹಾಯ್ದಳು. ಹಾಯ್ದದ್ದಕ್ಕೆ ಅಯ್ಯೋ ಅನ್ನಲಿಲ್ಲ, ಅಭ್ಯಾಸವಾದವರ ಹಾಗೆ ಆ ಮೂಲೆಯನ್ನು ಕೈಯಿಂದ ಮುಟ್ಟಿ ಸರಿದು ನಿಂತಳು.

ಅದನ್ನು ನೋಡಿ ವರದಾಳಿಗೆ ತಡೆಯಲಾಗಲಿಲ್ಲ. ಛೀ, ಎಂಥ ಹೆಂಗಸು ನಾನು ಅನಿಸಿತು. "ಒಂದು ತಾಸು ತಡೀರಿ," ಎಂದು ತಾನೇ ಸ್ಕ್ರೂಡ್ರೈವರ್ ಕೈಗೆ ತೆಗೆದುಕೊಂಡಳು.

ಗಂಡ ಹೆಂಡತಿ ಕೂಡಿ ರ್‍ಯಾಮಿನ ಪಟ್ಟಿಗಳನ್ನು ಕಿತ್ತರು. ಡ್ರಾವರಿನಲ್ಲಿದ್ದ ಎಲ್ಲಕ್ಕಿಂತ ಚಿಕ್ಕದೊಂದನ್ನು ಹಾಕಿದರು. ಅದೂ ಹೆಚ್ಚಾಯಿತು. ಆಗ ಗೋಪಾಲ ಕಪ್ಪು ಪರದೆಯಲ್ಲಿ ಒಂದು ಸಣ್ಣ ಫೈಲು ತೆರೆದು ಒಂದು ಸಾಲು ಬರೆದ: ಇಷ್ಟೇ ಇದೆ ಎಂದು ತಿಳಿ, ಉಳಿದದ್ದರ ಕಡೆ ನೋಡಬೇಡ. "ಸುಳ್ಳು ಹೇಳಿ ಸಮಾಧಾನ ಮಾಡ್ಬೇಕು ಇದಕ್ಕ," ಎಂದ. ಮೋಡಗಳು ಬಂದವು, ಹೋದವು. ಹಸಿರು ನೀಲಿಯ ಆ ಹಳೇ ಪರದೆ ತೆರೆಯಿತು. ಬಣ್ಣಗಳು ಹದಿನಾರೇ, ಅಕ್ಷರಗಳು ಮುಷ್ಟಿಯಷ್ಟು ದಪ್ಪ. ಸತ್ತ ಯಂತ್ರದ ಡಿಸ್ಕು ಕಟ್ಟಿದಾಗ ಅದು ಕಿರ್ರೆಂದು ತಿರುಗಿ ಒಂದೊಂದೇ ಊರಿನ ಹೆಸರು ಕೊಟ್ಟಿತು. ವರದಾ ಕೆಂಚನಾಳ ಒತ್ತಿದಳು. 217 ಒತ್ತಿದಳು. ಬಿಳಿ ಗೆರೆಯ ಮನೆ ನಿಧಾನವಾಗಿ ಮೇಲೆದ್ದಿತು.

"ಬಂತೇನ?" ಹಣಮವ್ವ ಮುಂದೆ ಬಾಗಿದಳು. "ಓದವ್ವಾ. ಬಾಗಲದಿಂದ ಓದು."

ವರದಾ ಓದಿದಳು. "ಮುಂದಿನ ಗೋಡೆ ಇಪ್ಪತ್ತಾರು ಫೂಟು. ಎಡಗಡೆ ತುದಿಯಿಂದ ಒಂಬತ್ತು ಫೂಟಿಗೆ ಬಾಗಲಾ. ಹಿತ್ತಲ ಬಾಗಲಾ ಬಲಕ್ಕ." ಅಲ್ಲಿಯವರೆಗೆ ಹಣಮವ್ವ ತಲೆ ಆಡಿಸುತ್ತಿದ್ದಳು. "ಒಳಗ ಹೋದರ ಪಡಸಾಲಿ. ಪಡಸಾಲ್ಯಾಗ..." ಪರದೆಯ ಮೇಲೆ ಬೆರಳಿಟ್ಟಳು. "ಪಡಸಾಲ್ಯಾಗ ತೂಗುಮಂಚ."

ಕಾಮಣ್ಣ ತಲೆ ಕೆರೆದುಕೊಂಡ. "ತೂಗುಮಂಚಾ? ನಮ್ಮನ್ಯಾಗ?" ಎಂದ. ಆಮೇಲೆ ಅನುಮಾನದಿಂದ ಹೆಂಡತಿಯ ಕಡೆ ತಿರುಗಿ, "ಇತ್ತೇನ? ಸರಕಾರದವರು ಬರದಾರ ಅಂದಮ್ಯಾಲ ಇದ್ದಿರಬೇಕು ನೋಡು. ನಾ ಊರಾಗ ಇಲ್ಲದಾಗ ಏನರ..."

"ಹೌದ್ಹೌದು, ನಿಮಗ ಗೊತ್ತಿಲ್ಲದಂಗ ತೂಗುಮಂಚದಾಗ ತೂಗಿಕೋಂತ ಇದ್ದೆ ನಾ!" ಹಣಮವ್ವ ಬಾಯಿಗೆ ಸೆರಗಿಟ್ಟು ನಗತೊಡಗಿದಳು. ನಗುತ್ತಿದ್ದವಳು ನಿಲ್ಲಿಸಿ, ಬೇರೆ ದನಿಯಲ್ಲಿ ಕೇಳಿದಳು: "ಇದು ಯಾರ ಮನಿ, ತಂಗಿ?"

"ನಂದು," ಎಂದಳು ವರದಾ.

ಆಮೇಲೆ ಎಲ್ಲ ಹೇಳಿದಳು. ಬೀಗ, ಖಾಲಿ ಫಾರ್ಮು, ಮುಂದೆ ಹೋಗಲು ಬಿಡದ ಪ್ರೋಗ್ರಾಂ, ತವರಿನ ಮನೆ. ಅಳು ಬಂತು, ಅತ್ತಳು. "ನೀರಾಗ ಹೋಗೂ ಮನಿ ಅಂದರ್ರೀ ಅವರು. ನಾನೂ ಹಂಗ ತಿಳಕೊಂಡೆ. ಅದರಾಗ ಯಾರೋ ನಡದಾಡತಾರ ಅಂತ ತಲ್ಯಾಗ ಬರಲೇ ಇಲ್ಲ. ತಪ್ಪಾತ್ರೀ." ಗೋಪಾಲ ಮೌಸು ಕೆಳಗಿಟ್ಟ. ಹೆಂಡತಿ ಇಡೀ ದಿನ ಯಾಕೆ ಬೇಡ ಬೇಡ ಎನ್ನುತ್ತಿದ್ದಳೆಂದು ಅವನಿಗೆ ಈಗ ತಿಳಿಯಿತು.

ಕಾಮಣ್ಣನ ಮುಖ ಬಿಗಿಯಿತು. "ಇದನ್ನ ನಂಬಿ ಕಟ್ಟಿದ್ದರ ಇಕಿ ಮತ್ತ ಒಲಿ ಮ್ಯಾಲ ಬೀಳತಿದ್ದಳಲ್ಲ ತಂಗಿ," ಎಂದ. ಅಷ್ಟೇ. ಆದರೆ ಅದು ವರದಾಳಿಗೆ ಕಪಾಳಕ್ಕೆ ಹೊಡೆದದ್ದಕ್ಕಿಂತ ಹೆಚ್ಚಾಯಿತು.

ಹಣಮವ್ವ ಬೇರೆ ಏನನ್ನೋ ಲೆಕ್ಕ ಹಾಕುತ್ತಿದ್ದಳು. "ಹೊರಗಿನ ಗ್ವಾಡಿ ಖರೆ ಏನ?"

"ಖರೇನ್ರೀ. ಟೇಪು ಹಿಡದು ಅಳದದ್ದು."

"ಎರಡೂ ಬಾಗಲಾ?"

"ಅವೂ ಖರೆ."

"ಹಂಗಾರ ಸಾಕು ಬಾ," ಎಂದಳು. "ಬಯಲಾಗ ನನ್ನ ಕಾಲಿಗಿ ಹಿಡ್ಯಾಕ ಏನೂ ಇರಲಿಲ್ಲ. ನೀ ಗ್ವಾಡಿ ಕೊಡು, ಒಳಗಿಂದ ನಾ ಕೊಡತೇನಿ."

ರವಿವಾರ ವರದಾ ಗೋಪಾಲ ಇಬ್ಬರೂ ಬೀಳಗಿ ಬಸ್ಸು ಹತ್ತಿದರು. ವರದಾಳ ಚೀಲದಲ್ಲಿ ಉದ್ದನೆಯ ಟೇಪು, ಪ್ರಿಂಟು, ಎರಡು ಸೇರು ರಂಗೋಲಿ ಪುಡಿ. ಪುನರ್ವಸತಿ ಊರಿನ ತುದಿಯ ಆ ಖಾಲಿ ಜಾಗವನ್ನು ಕಾಮಣ್ಣ ಗುಡಿಸಿ ನೀರು ಹೊಡೆದಿದ್ದ. ಮುಂಜಾನೆಯ ಎಳೆ ಬಿಸಿಲು, ದೂರದಲ್ಲಿ ಹಿನ್ನೀರು ಬೆಳ್ಳಗೆ ಕಾಣುತ್ತಿತ್ತು. ಗೋಪಾಲ ಟೇಪು ಹಿಡಿದ. ವರದಾ ನೆಲದ ಮೇಲೆ ಇಪ್ಪತ್ತಾರು ಫೂಟಿನ ಬಿಳಿ ಗೆರೆ ಎಳೆದಳು, ಆಮೇಲೆ ಉಳಿದ ಮೂರು. ಗೆರೆಯ ಗುಂಟ ಕಾಮಣ್ಣ ಒತ್ತಾಗಿ ಕಲ್ಲಿಟ್ಟ, ಕಾಲಿಗೆ ತಿಳಿಯಲೆಂದು. ಬಾಗಿಲಿದ್ದಲ್ಲಿ ಖಾಲಿ ಬಿಟ್ಟರು.

ಹಣಮವ್ವನನ್ನು ತಂದು ಆ ಖಾಲಿಯ ಮುಂದೆ ನಿಲ್ಲಿಸಿದರು. ಆಕೆ ಚಪ್ಪಲಿ ಬಿಟ್ಟಳು. ಎಡಗಾಲಿನಿಂದ ಬದಿಯ ಕಲ್ಲು ಮುಟ್ಟಿ ನೋಡಿದಳು. ಆಮೇಲೆ ತಲೆಯ ಮೇಲೆ ಏನೂ ಇಲ್ಲದ ಆ ಬಯಲಿನಲ್ಲಿ ಕುತ್ತಿಗೆ ಬಗ್ಗಿಸಿ, ಬೆನ್ನು ಬಾಗಿಸಿ, ಇಲ್ಲದ ಹೊಸ್ತಿಲಿನ ಮೇಲಿಂದ ಕಾಲು ಎತ್ತಿಟ್ಟು ಒಳಗೆ ಹೋದಳು.

ಗೋಪಾಲನ ಕೈಯಿಂದ ಟೇಪು ಜಾರಿತು. ಪ್ರೋಗ್ರಾಮಿನಲ್ಲಿ ಉದ್ದ ಅಗಲ ಕೇಳುತ್ತಿದ್ದರು, ಬಾಗಿಲ ಎತ್ತರ ಕೇಳುವ ಜಾಗವೇ ಇರಲಿಲ್ಲ.

"ಅಲ್ಲೇ ನಿಲ್ಲಬ್ಯಾಡ ತಂಗಿ, ನನ್ನ ಹಿಂದ ಬಾ," ಎಂದಳು ಹಣಮವ್ವ ಒಳಗಿನಿಂದ. ಆಕೆಯ ದನಿಯೇ ಬೇರೆಯಾಗಿತ್ತು, ಮನೆಯೊಡತಿಯ ದನಿ. ಗೋಡೆಗೆ ಅಂಗೈ ಸವರುವಂತೆ ಗಾಳಿಯನ್ನು ಸವರುತ್ತ ನಡೆದಳು. ಐದು ಹೆಜ್ಜೆಗೆ ನಿಂತು, ಕಂಬವೆಂದಳು, ಅದನ್ನು ಬಳಸಿಕೊಂಡು ಹೋದಳು. ಬೀಸುಕಲ್ಲಿನ ಹತ್ತಿರ ಕುಕ್ಕರಗಾಲಲ್ಲಿ ಕೂತು ಎದ್ದಳು. ಕಾಳು ತುಂಬುವ ಹಗೇವಿನ ಬಾಯಿಯನ್ನು ಹುಷಾರಾಗಿ ದಾಟಿದಳು. ಆಕೆಯ ಹಿಮ್ಮಡಿಯ ಹಿಂದೆ ಹಿಂದೆ ವರದಾ ಬೆರಳ ಸಂದಿಯಿಂದ ಬಿಳಿ ಪುಡಿ ಬಿಡುತ್ತ ಹೋದಳು. ಮೂರು ಸಲ ನಡೆಸಿದರು. ಮೂರು ಸಲವೂ ಗೆರೆ ಗೆರೆಯ ಮೇಲೇ ಬಿತ್ತು.

"ಒಲಿ ಮ್ಯಾಲ ನಿಂತಾರ ನೋಡು," ಎಂದಳು ಹಣಮವ್ವ ಒಮ್ಮೆ. ಕಾಮಣ್ಣ ಹೌಹಾರಿ ಎಗರಿದ. ಆಮೇಲೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು, ಅವನೂ ನಕ್ಕ.

ಕೊನೆಗೆ ಪಡಸಾಲೆಯ ಬಲಮೂಲೆಗೆ ಬಂದು ನಿಂತಳು. "ಇಲ್ಲಿ ಎಳೇ ಮರಿ ಕಟ್ಟತಿದ್ದಿವಿ. ಈಗ ಮರಿ ಹೊರಗ ಇರತಾವು. ನಿನ್ನ ತೂಗುಮಂಚ ಕಾಗದದಾಗ ಎಲ್ಲಿತ್ತು?"

ವರದಾ ಪ್ರಿಂಟು ನೋಡಿದಳು. "ಇಲ್ಲೇ ಇತ್ರೀ. ಈ ಮೂಲ್ಯಾಗ."

"ಹಂಗಾರ ಇರಲಿ, ಅದನ್ನೂ ಬರಕೋ. ಇಷ್ಟ ವರ್ಷ ನೀರಾಗ ಕಾದೈತಿ ಅದು ಪಾಪ."

ಆ ದಿನ ಅಂಗಡಿಗೆ ಮರಳಿ, ವರದಾ ಹೊಸ ಯಂತ್ರದೊಳಗಿನ ಹಳೇ ಪರದೆಯಲ್ಲಿ 217 ತೆರೆದು ತುಳಸಿ ಕಟ್ಟೆ ಅಳಿಸಿದಳು, ದೇವರ ಮನೆ ಅಳಿಸಿದಳು, ಕಂಬ ಒಲೆ ಹಗೇವು ಬೀಸುಕಲ್ಲು ತುಂಬಿದಳು. ತೂಗುಮಂಚಕ್ಕೆ ಕೈ ಹಚ್ಚಲಿಲ್ಲ. ಮನೆ ಕಟ್ಟುವ ಗೌಂಡಿಗೆ ಕೊಡಲು ದೊಡ್ಡ ಪ್ರಿಂಟು ತೆಗೆದಳು. ಕೆಳಗೆ ಪೆನ್ನಿನಿಂದ ಒಂದು ಸಾಲು ಬರೆದಳು, ಮುಂಬಾಗಿಲು ಕುಳ್ಳಗಿರಲಿ, ಹಣಮವ್ವಾರನ್ನ ನಿಲ್ಲಿಸಿ ಅಳತೆ ತಗೋರಿ ಎಂದು.

ಸಂಕ್ರಾಂತಿ ಮುಗಿದ ವಾರ ಎಳ್ಳು ಬೆಲ್ಲ ಕಟ್ಟಿಕೊಂಡು ವರದಾ ಒಬ್ಬಳೇ ಹೋದಳು. ಕಾಮಣ್ಣ ಹಿಂಡು ಹೊಡೆದುಕೊಂಡು ಹೋಗಿ ಎರಡು ತಿಂಗಳಾಗಿತ್ತು, ಈಗ ಎಲ್ಲಿದ್ದಾನೋ ಯಾರಿಗೆ ಗೊತ್ತು. ಮಣ್ಣು ಮೆತ್ತಿದ ಗೋಡೆ ಇನ್ನೂ ಹೊಸ ವಾಸನೆ ಬಿಡುತ್ತಿತ್ತು.

"ಯಾರು? ವರದವ್ವ? ಬಾ ಬಾ ಒಳಗ!" ಹಣಮವ್ವ ಒಲೆಯ ಮುಂದಿನಿಂದ ಎದ್ದಳು. ಗೋಡೆಗೆ ಕೈ ಹಚ್ಚಲಿಲ್ಲ. ತಂಬಿಗೆಯಲ್ಲಿ ನೀರು ತುಂಬಿಕೊಂಡು, ಹಗೇವು ದಾಟಿ, ಕಂಬ ಬಳಸಿ, ಒಂದು ಹನಿ ಚೆಲ್ಲದೆ ಸೀದಾ ಬಾಗಿಲ ಕಡೆ ಬಂದಳು. ಅದನ್ನು ಕಣ್ಣು ತುಂಬ ನೋಡುತ್ತ ವರದಾ ಒಳಗೆ ಹೆಜ್ಜೆ ಇಟ್ಟಳು, ಚೌಕಟ್ಟಿನ ಮೇಲ್ಪಟ್ಟಿಗೆ ಧಡ್ಡೆಂದು ಹಣೆ ಬಡಿಯಿತು.

"ಅಯ್ಯ ನನ್ನವ್ವಾ!" ಹಣಮವ್ವ ಬಾಯಿ ತುಂಬ ನಕ್ಕಳು. "ಬಗ್ಗಬೇಕ ಬೇ ಇಲ್ಲಿ. ಕೈ ಕೊಡಿಲ್ಲೆ, ನಾ ಕರಕೊಂಡ ಹೊಕ್ಕೇನಿ." ಬಾವು ಬರುತ್ತಿದ್ದ ಹಣೆ ತಿಕ್ಕಿಕೊಳ್ಳುತ್ತ, ವರದಾ ಆ ಮುದುಕಿಯ ಕೈ ಹಿಡಿದಳು. ಹಣಮವ್ವ ಎಣಿಸಿದಂತೆ ಹೆಜ್ಜೆ ಇಟ್ಟು ಆಕೆಯನ್ನು ಬಲಮೂಲೆಗೆ ನಡೆಸಿದಳು. ಅಲ್ಲಿ ಕುರಿ ಉಣ್ಣೆಯ ಹಗ್ಗದಲ್ಲಿ ತೂಗುಬಿಟ್ಟ ಬೇವಿನ ಹಲಗೆ ಇತ್ತು.

"ಕೂಡು," ಎಂದಳು. "ನಿಮ್ಮನಿ ಬಂತು."